ಗೋಡು ಮತ್ತು ಸೈನೈಡ್ ದಿಬ್ಬ: ಕೋಲಾರ ಚಿನ್ನದ ಗಣಿ ಪ್ರದೇಶದ ಜಲಜಾನಪದ ಹಾಗೂ ಕಡಲ ಮಾಲಿನ್ಯ

ಕೋಲಾರ ಜಿಲ್ಲೆ ಕಡಲಿನಿಂದ ದೂರದ ಒಣನಾಡು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆಯ ಹೆಸರು ಸಮುದ್ರ ಮಾಲಿನ್ಯದ ಚರ್ಚೆಗಳಲ್ಲಿ ಬರುವುದಿಲ್ಲ. ಆದರೆ ಸಮುದ್ರವನ್ನು ಸೇರುವ ಮಾಲಿನ್ಯದ ಹೆಚ್ಚಿನ ಪಾಲು ಹುಟ್ಟುವುದು ಕಡಲಿನಲ್ಲಲ್ಲ, ನೆಲದ ಮೇಲೆ. ಹೊಲ, ಕಾರ್ಖಾನೆ, ಗಣಿ, ಪಟ್ಟಣಗಳ ಕಶ್ಮಲವು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯ ಕೋಡಿಯಿಂದ ನದಿಗೆ, ನದಿಯಿಂದ ಅಳಿವೆಗೆ ಇಳಿಯುತ್ತದೆ. ಹೀಗಾಗಿ ಕಡಲ ಜೀವಿಗಳ ಅಳಿವು ಉಳಿವಿನ ಪ್ರಶ್ನೆಯು ಕರಾವಳಿಗೆ ಮಾತ್ರ ಸೀಮಿತವಾದುದಲ್ಲ. ನೀರು ಎಲ್ಲಿಂದ ಹೊರಡುತ್ತದೆಯೋ ಆ ನೆಲಕ್ಕೂ ಸಂಬಂಧಿಸಿದುದು.

ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಮತ್ತು ಬಂಗಾರಪೇಟೆ ಪರಿಸರದಲ್ಲಿ ಎರಡು ಬಗೆಯ ಹೂಳು ಅಕ್ಕಪಕ್ಕದಲ್ಲಿವೆ. ಒಂದು, ಶತಮಾನಗಳಿಂದ ಕೆರೆಯ ಅಂಗಳದಲ್ಲಿ ಕೂಡಿಕೊಂಡು, ರೈತರು ಗಾಡಿ ಕಟ್ಟಿ ಹೊಲಕ್ಕೆ ಹೊತ್ತೊಯ್ಯುತ್ತಿದ್ದ ಗೋಡು. ಮತ್ತೊಂದು, ಚಿನ್ನ ತೆಗೆದ ಮೇಲೆ ಗಣಿಯವರು ರಾಶಿ ಹಾಕಿ ಬಿಟ್ಟುಹೋದ, ಜನರು ‘ಸೈನೈಡ್ ದಿಬ್ಬ’ ಎಂದು ಕರೆಯುವ ನುಣುಪು ಬೂದುಮಣ್ಣು. ಮೊದಲನೆಯದಕ್ಕೆ ಹೊರುವವರಿದ್ದರು, ಎರಡನೆಯದಕ್ಕೆ ಇಲ್ಲ. ಈ ವ್ಯತ್ಯಾಸದ ಮೂಲಕ ಜಲಮಾಲಿನ್ಯದ ಸ್ವರೂಪವನ್ನೂ, ಅದು ಜಲಜೀವಿಗಳ ಮೇಲೆ ಉಂಟುಮಾಡುವ ಪರಿಣಾಮವನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನೀರಿನ ದಾರಿ

ಬಂಗಾರಪೇಟೆ ಮತ್ತು ಇಂದಿನ ಕೆ.ಜಿ.ಎಫ್. ತಾಲ್ಲೂಕುಗಳಲ್ಲಿ ಬಿದ್ದ ಮಳೆ ಎರಡು ನದಿಗಳಿಗೆ ಹಂಚಿಹೋಗುತ್ತದೆ. ಬೇತಮಂಗಲದ ಕಡೆಯ ನೀರು ಪಾಲಾರ್ ನದಿಗೆ ಸೇರಿದರೆ, ಬೂದಿಕೋಟೆಯ ಕಡೆಯ ನೀರು ಮಾರ್ಕಂಡೇಯ ನದಿಯ ಮೂಲಕ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಎರಡೂ ಬಂಗಾಳ ಕೊಲ್ಲಿಗೆ ಹೋಗುವ ನದಿಗಳು. ಪಾಲಾರ್ ನದಿಯ ಒಟ್ಟು ಉದ್ದ ಸುಮಾರು 348 ಕಿಲೋಮೀಟರ್. ಇದರಲ್ಲಿ ಕರ್ನಾಟಕದಲ್ಲಿ 93, ಆಂಧ್ರಪ್ರದೇಶದಲ್ಲಿ 33, ತಮಿಳುನಾಡಿನಲ್ಲಿ 222 ಕಿಲೋಮೀಟರ್ ಹರಿದು, ಕಲ್ಪಾಕ್ಕಂ ಸಮೀಪದ ವಯಲೂರಿನ ಬಳಿ ಕಡಲನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿ ಕಡಲೂರಿನ ಬಳಿ ಸಮುದ್ರವನ್ನು ಮುಟ್ಟುತ್ತದೆ. ಹಾಲಿನ ಹೊಳೆ ಎಂಬ ಅರ್ಥದ ಪಾಲಾರ್, ಮೈಸೂರು ಮತ್ತು ಮದ್ರಾಸು ಸರ್ಕಾರಗಳ ನಡುವೆ 1892ರಲ್ಲಿ ಆದ ಒಪ್ಪಂದದ ನದಿಗಳ ಪಟ್ಟಿಯಲ್ಲಿಯೂ ಇದೆ. ಮೇಲಿನವರು ನೀರನ್ನು ತಡೆದರೆ ಕೆಳಗಿನವರ ಗತಿಯೇನು ಎಂಬುದು ಆ ಒಪ್ಪಂದದ ಕಾಳಜಿಯಾಗಿತ್ತು. ಮೇಲಿನವರು ನೀರನ್ನು ಕೆಡಿಸಿದರೆ ಏನು ಎಂಬ ಪ್ರಶ್ನೆ ಆನಂತರದ ಕಾಲಕ್ಕೆ ಸೇರಿದುದು.

ಕರ್ನಾಟಕದ ಭಾಗದಲ್ಲಿ ಪಾಲಾರ್ ನದಿಯಾಗಿ ಕಾಣುವುದಕ್ಕಿಂತ ಕೆರೆಗಳ ಸಾಲಾಗಿ ಕಾಣುವುದೇ ಹೆಚ್ಚು. ಒಂದು ಕೆರೆಯ ಕೋಡಿ ಹರಿದರೆ ಅದರ ಕೆಳಗಿನ ಕೆರೆ ತುಂಬುತ್ತದೆ; ಬೇತಮಂಗಲದ ಕೆರೆಯೂ ರಾಮಸಾಗರದ ಕೆರೆಯೂ ಈ ಸಾಲಿನವು. ವಿಜಯಾದಿತ್ಯಮಂಗಲವೆಂಬ ಪ್ರಾಚೀನ ನಾಮವುಳ್ಳ ಬೇತಮಂಗಲದ ಕೆರೆಯ ಜೀರ್ಣೋದ್ಧಾರದ ಸಂಗತಿ ಶಾಸನಗಳಲ್ಲಿಯೂ ಬಂದಿದೆ. ಇಂಥ ವ್ಯವಸ್ಥೆಯಲ್ಲಿ ಯಾವ ಊರಿನ ನೀರೂ ಆ ಊರಿನದು ಮಾತ್ರವಲ್ಲ. ಮೇಲೂರಿನ ಕೋಡಿಯೇ ಕೆಳಗಿನ ಊರಿನ ಬಾಯಿ. ಈ ತಿಳಿವಳಿಕೆಯನ್ನು ಜನಪದರು ಗ್ರಂಥಗಳಿಂದ ಕಲಿತುದಲ್ಲ, ಏರಿಯ ಮೇಲೆ ನಿಂತು ಕಂಡುಕೊಂಡುದು.

2. ಹೊರುವವರಿದ್ದ ಹೂಳು

ಕೆರೆಯ ನಿರ್ವಹಣೆಗೆ ಸಂಬಂಧಿಸಿದ ಪದಸಂಪತ್ತು ಈ ಸೀಮೆಯ ಜಲಜಾನಪದದ ಮುಖ್ಯ ಆಕರ. ಏರಿ, ತೂಬು, ಕೋಡಿ, ಅಂಗಳ, ಕಾಲುವೆ, ಅಚ್ಚುಕಟ್ಟು ಎಂಬ ಪ್ರತಿಯೊಂದು ಶಬ್ದದ ಹಿಂದೆಯೂ ಒಂದು ಕೆಲಸವಿದೆ, ಆ ಕೆಲಸವನ್ನು ಮಾಡಬೇಕಾದ ಒಬ್ಬ ಮನುಷ್ಯನಿದ್ದಾನೆ. ತೂಬನ್ನು ತೆರೆದು ಮುಚ್ಚುವ, ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವ ಅಧಿಕಾರ ನೀರಗಂಟಿಯದು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಡುತ್ತಿದ್ದ ಕಟ್ಟುಗೊಡಗೆ, ದಸವಂದ ಮೊದಲಾದ ಭೂಮಿಗಳ ಉಲ್ಲೇಖ ಶಾಸನಗಳಲ್ಲಿ ಹೇರಳವಾಗಿದೆ. ಕೆರೆಯ ಹೊಣೆಯನ್ನು ನೆಲದ ಫಲಕ್ಕೆ ಜೋಡಿಸಿದ ಕ್ರಮವಿದು.

ಈ ವ್ಯವಸ್ಥೆಯಲ್ಲಿ ಹೂಳು ಕಸವಾಗಿರಲಿಲ್ಲ. ಮಳೆಗಾಲದಲ್ಲಿ ಹೊಲಗಳ ಮೇಲ್ಮಣ್ಣು, ಎಲೆ, ಸಗಣಿ, ಗೊಬ್ಬರಗಳು ಕೊಚ್ಚಿ ಬಂದು ಅಂಗಳದಲ್ಲಿ ತಂಗುತ್ತಿದ್ದವು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಆ ಗೋಡನ್ನು ಅಗೆದು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕುಂಬಾರರಿಗೆ ಅದೇ ಅಂಗಳದ ಜೇಡಿಮಣ್ಣು ಬೇಕಾಗಿತ್ತು. ಹೊಲದಿಂದ ಇಳಿದುದು ಹೊಲಕ್ಕೇ ಹತ್ತುತ್ತಿತ್ತು. ಕೆರೆಯ ಆಳವೂ ಉಳಿಯುತ್ತಿತ್ತು. ಗೆಂಡೆ, ಕೊರವ, ಚೇಳುಮೀನು, ಹಾವುಮೀನುಗಳು ಬದುಕುತ್ತಿದ್ದುದು ಇಂಥ ಕೆರೆಗಳಲ್ಲಿ. ಬತ್ತುವ ಕೆರೆಯ ಕೆಸರಿನಲ್ಲಿಯೂ ಕೊರವ, ಚೇಳುಮೀನುಗಳು ಕೆಲಕಾಲ ಜೀವ ಹಿಡಿದುಕೊಳ್ಳಬಲ್ಲವು, ಏಕೆಂದರೆ ಅವು ಗಾಳಿಯನ್ನು ನೇರವಾಗಿ ಉಸಿರಾಡುವ ಜಾತಿಯವು. ಆದರೆ ಆ ಕೆಸರು ವಿಷವಾಗಿರಬಾರದು ಎಂಬುದೊಂದೇ ಷರತ್ತು.

ಕೆರೆ ತುಂಬಿದಾಗ ಗಂಗಮ್ಮನಿಗೆ ಪೂಜೆ ಸಲ್ಲಿಸುವುದು, ಬಾಗಿನ ಬಿಡುವುದು, ನೀರಿನ ಬದಿಯಲ್ಲಿ ಕಲ್ಲುಗಳ ರೂಪದಲ್ಲಿ ಅಕ್ಕದೇವತೆಗಳನ್ನು ನಿಲ್ಲಿಸುವುದು ಕನ್ನಡನಾಡಿನ ಕೆರೆಸೀಮೆಗಳಲ್ಲೆಲ್ಲ ಕಂಡುಬರುವ ಆಚರಣೆಗಳು. ‘ಕೆರೆಗೆ ಹಾರ’ ಎಂಬ ಪ್ರಸಿದ್ಧ ಕಥನಗೀತೆಯಲ್ಲಿ ನೀರಿಗಾಗಿ ಮನೆಯ ಸೊಸೆಯೇ ಬಲಿಯಾಗುತ್ತಾಳೆ. ಆ ಬಲಿಯ ಕ್ರೌರ್ಯವನ್ನು ಸಮರ್ಥಿಸಬೇಕಾಗಿಲ್ಲ. ಆದರೆ ನೀರು ಬೆಲೆ ತೆತ್ತು ಪಡೆದುದು, ಆ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಊರು ಮರೆಯಬಾರದು ಎಂಬ ಭಾವನೆ ಅದರಲ್ಲಿರುವುದು ಗಮನಾರ್ಹ. ಇಲ್ಲಿ ಆಚರಣೆಯೂ ಆಡಳಿತವೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದವು. ಈ ಏರ್ಪಾಡಿಗೆ ಅದರದೇ ಆದ ಕಳಂಕವೂ ಇತ್ತು. ಜಾತಿಯ ಕಾರಣದಿಂದ ಕೆರೆಯ ನೀರನ್ನು ಮುಟ್ಟಲಾಗದವರು ಊರೂರಿನಲ್ಲಿದ್ದರು. ಆದುದರಿಂದ ಇದನ್ನು ಚಿನ್ನದ ಕಾಲವೆಂದು ಬಣ್ಣಿಸುವುದು ಸರಿಯಲ್ಲ. ತ್ಯಾಜ್ಯಕ್ಕೆ ಹೊಣೆಗಾರರಿದ್ದ ಕಾಲವೆಂದು ಹೇಳಬಹುದು.

3. ಗಣಿ ತಂದ ಹೂಳು

ಕೋಲಾರದ ಚಿನ್ನ ಬ್ರಿಟಿಷರ ಶೋಧನೆಯಲ್ಲ. 1802ರಲ್ಲಿ ಮೈಸೂರಿನ ಗಡಿಯ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್, ಉರಿಗಾಂ ಮತ್ತು ಮಾರಿಕುಪ್ಪಂ ಪರಿಸರದ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡನು. ಈ ವಿಧಾನಕ್ಕೆ ಬೇಕಾದುದು ಮಣ್ಣು, ನೀರು ಮತ್ತು ಕೈಚಳಕ. ಚಿನ್ನ ತೆಗೆದ ಮೇಲೂ ಮಣ್ಣು ಮಣ್ಣಾಗಿಯೇ ಉಳಿಯುತ್ತಿತ್ತು.

1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ನಂತರ ಗಣಿಗಾರಿಕೆಯ ಸ್ವರೂಪವೇ ಬದಲಾಯಿತು. ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ, ಉರಿಗಾಂ ಗಣಿಗಳು ಭೂಮಿಯನ್ನು ಕೊರೆಯುತ್ತ ಹೋದವು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಮೈಸೂರು ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಗಣಿಗೆ ರೈಲು ಮಾರ್ಗ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇತಮಂಗಲದ ಕೆರೆಯ ನೀರು ಗಣಿ ಪಟ್ಟಣಕ್ಕೆ ಹರಿಯಿತು. ಆಳಿನ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳವರು. ಉತ್ತರ ಆರ್ಕಾಟು ಎಂದರೆ ಪಾಲಾರ್ ನದಿಯ ಕೆಳಹರಿವಿನ ನಾಡು. ಕೆಳಗಿನ ಜನ ಮೇಲೇರಿ ಬಂದು ಗಣಿಗಿಳಿದರು. ಮೇಲಿನ ನೀರು ಅವರು ಬಿಟ್ಟುಬಂದ ಊರುಗಳತ್ತ ಇಳಿಯುತ್ತಿತ್ತು. ನದಿಯ ತುದಿಯೂ ಬುಡವೂ ಒಂದೇ ಸಮುದಾಯದ ಬದುಕಿನಲ್ಲಿ ಹೀಗೆ ಬೆಸೆದುಕೊಂಡುವು.

ಅದಿರಿನಿಂದ ಚಿನ್ನ ತೆಗೆಯುವ ಕ್ರಮ ಹೀಗಿತ್ತು. ಕಲ್ಲನ್ನು ಹಿಟ್ಟಿನಂತೆ ಕುಟ್ಟಿ ನೀರಿನೊಡನೆ ಹರಿಸಿ, ಮೊದಲು ಪಾದರಸದಲ್ಲಿ ಚಿನ್ನವನ್ನು ಹಿಡಿಯುತ್ತಿದ್ದರು. ಪಾದರಸಕ್ಕೆ ಸಿಕ್ಕದೆ ಉಳಿದುದನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ, ಸತುವಿನಿಂದ ಬೇರ್ಪಡಿಸುತ್ತಿದ್ದರು. ಗ್ಲಾಸ್ಗೋದ ಜಾನ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಹಕ್ಕುಪತ್ರ ಪಡೆದ ವಿಧಾನವಿದು. ಒಂದು ಟನ್ ಅದಿರಿನಲ್ಲಿ ದೊರೆಯುವ ಚಿನ್ನವನ್ನು ಎಣಿಸುವುದು ಗ್ರಾಂಗಳಲ್ಲಿ. ಮಿಕ್ಕುದೆಲ್ಲ ಹೂಳು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚುವ ವೇಳೆಗೆ ಸುಮಾರು 800 ಟನ್ ಚಿನ್ನ ಹೊರಗೆ ಹೋಗಿತ್ತು. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಹೂಳು ಊರಿನಲ್ಲಿಯೇ ಉಳಿಯಿತು.

4. ದಿಬ್ಬದ ಹೆಸರು, ದಿಬ್ಬದ ಅಪಾಯ

ಜನರು ಈ ರಾಶಿಗಳಿಗೆ ಸೈನೈಡ್ ದಿಬ್ಬವೆಂದು ಹೆಸರಿಟ್ಟುದು ಸಹಜ. ಆದರೆ ಹೆಸರು ಎತ್ತಿ ತೋರಿಸುವ ಅಪಾಯ ಒಂದಾದರೆ, ದಿಬ್ಬದಲ್ಲಿ ಬಹುಕಾಲ ಉಳಿಯುವ ಅಪಾಯ ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡಬೇಕು.

ಸೈನೈಡ್ ತೀಕ್ಷ್ಣವಾದ ವಿಷ. ಅದು ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಕ್ರಿಯೆಯನ್ನೇ ತಡೆಯುತ್ತದೆ. ನೀರಿನಲ್ಲಿ ಬೇಕಾದಷ್ಟು ಆಮ್ಲಜನಕವಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಲೀಟರಿಗೆ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸಿನ ಪ್ರಮಾಣವೇ ಹಲವು ಜಾತಿಯ ಮೀನುಗಳಿಗೆ ಮಾರಕ. ಆದರೆ ಬಿಸಿಲು, ಗಾಳಿ, ಸೂಕ್ಷ್ಮಾಣುಜೀವಿಗಳ ಸಂಪರ್ಕದಲ್ಲಿ ಸೈನೈಡ್ ಕ್ರಮೇಣ ಒಡೆದುಹೋಗುತ್ತದೆ. ಪ್ರಾಣಿಗಳ ದೇಹದಲ್ಲಿ ತಲೆಮಾರುಗಳವರೆಗೆ ಕೂಡಿಕೊಳ್ಳುವ ಗುಣ ಅದಕ್ಕಿಲ್ಲ.

ಒಡೆಯದೆ ಉಳಿಯುವುದು ಬೇರೆ. ಮೊದಲನೆಯದು, ಹಿಟ್ಟಿನಷ್ಟು ನುಣುಪಾದ ಸಿಲಿಕಾ ಹುಡಿ. ಗಾಳಿಗಾಲದಲ್ಲಿ ಅದು ಮನೆಗಳ ಮೇಲೂ ಬೆಳೆಗಳ ಮೇಲೂ ಕೂರುತ್ತದೆ. ಮಳೆಗಾಲದಲ್ಲಿ ದಿಬ್ಬದ ಮೈ ಸೀಳಿ ಕೊರಕಲುಗಳಾಗಿ ತಗ್ಗಿನ ಹೊಲಗಳಿಗೂ ಹಳ್ಳಗಳಿಗೂ ಹರಿಯುತ್ತದೆ. ಎರಡನೆಯದು, ಅದಿರಿನಲ್ಲಿಯೇ ಇದ್ದ ಗಂಧಕಯುಕ್ತ ಖನಿಜಗಳು. ಇವು ಗಾಳಿ ಮತ್ತು ನೀರಿನ ಸಂಪರ್ಕಕ್ಕೆ ಬಂದಾಗ ಆಮ್ಲವನ್ನು ಹುಟ್ಟಿಸಬಲ್ಲವು. ಆಮ್ಲವು ಆರ್ಸೆನಿಕ್ ಮತ್ತಿತರ ಧಾತುಗಳನ್ನು ಕರಗಿಸಿ ನೀರಿಗೆ ಬಿಡಬಲ್ಲದು. ಮೂರನೆಯದು ಪಾದರಸ. ಪಾದರಸದಿಂದ ಚಿನ್ನ ಹಿಡಿಯುವ ವಿಧಾನವನ್ನು ಬಳಸಿದ ಕಡೆಗಳಲ್ಲಿ ಅದರ ಒಂದಂಶ ಹೂಳಿನೊಡನೆಯೇ ಹೋಗುತ್ತದೆ.

ನುಣುಪು ಹೂಳು ಯಾವ ವಿಷವೂ ಇಲ್ಲದೆಯೇ ಜಲಜೀವಿಗಳನ್ನು ಕೊಲ್ಲಬಲ್ಲದು. ಅದು ಮೀನಿನ ಕಿವಿರುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ತಳದಲ್ಲಿಟ್ಟ ಮೊಟ್ಟೆಗಳನ್ನು ಮುಚ್ಚುತ್ತದೆ, ಬೆಳಕನ್ನು ತಡೆದು ಪಾಚಿಯನ್ನೂ ಜಲಸಸ್ಯವನ್ನೂ ಕುಂದಿಸುತ್ತದೆ. ಗೋಡಿಗೂ ಇದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಗೋಡಿನಲ್ಲಿ ಹೊಲದ ಸಾರವಿದೆ. ಗಣಿಯ ಹೂಳು ಭೂಮಿಯ ಆಳದಿಂದ ಬಂದ ಕಲ್ಲಿನ ಹಿಟ್ಟು. ಅದರಲ್ಲಿ ಬೆಳೆಗೆ ಬೇಕಾದ ಸಾರವಿಲ್ಲ. ಆದುದರಿಂದಲೇ ಯಾವ ರೈತನೂ ಅದಕ್ಕೆ ಗಾಡಿ ಕಟ್ಟಲಿಲ್ಲ. 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಲನಚಿತ್ರದ ಚಿತ್ರೀಕರಣ ಈ ದಿಬ್ಬಗಳ ಪರಿಸರದಲ್ಲಿಯೂ ನಡೆದು, ದಿಬ್ಬವು ದೇಶಕ್ಕೆಲ್ಲ ಪರಿಚಿತವಾದ ದೃಶ್ಯವಾಯಿತು. ಆದರೆ ದೃಶ್ಯವಾದ ಮಾತ್ರಕ್ಕೆ ಅದು ಯಾರೊಬ್ಬರ ಹೊಣೆಯೂ ಆಗಲಿಲ್ಲ.

5. ಬಾಯಾ ಮಾರೆಯ ನಿದರ್ಶನ

ದಿಬ್ಬಗಳಲ್ಲಿ ಇನ್ನೂ ಸ್ವಲ್ಪ ಚಿನ್ನವಿದೆ. 1,003 ಎಕರೆಗಳಷ್ಟು ಪ್ರದೇಶದಲ್ಲಿರುವ 13 ದಿಬ್ಬಗಳ ಹೂಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯೋಗ ಕಳೆದುಕೊಂಡ ಪಟ್ಟಣಕ್ಕೆ ಇದು ಆಸೆಯ ಸುದ್ದಿ. ದಿಬ್ಬಗಳು ಕರಗುವುದಾದರೆ ದೂಳಿನ ಬಾಧೆಯೂ ತಗ್ಗಬಹುದು. ಆದರೆ ಹಳೆಯ ಹೂಳಿನಿಂದ ಮತ್ತೆ ಚಿನ್ನ ತೆಗೆಯುವುದೆಂದರೆ ಹೊಸ ನೀರು, ಹೊಸ ರಾಸಾಯನಿಕ, ಹೊಸ ಹೂಳುಕಟ್ಟೆ ಎಂಬುದನ್ನು ಮರೆಯಲಾಗದು. ಈ ಸಂದರ್ಭದಲ್ಲಿ ರೊಮೇನಿಯಾದ ಒಂದು ಘಟನೆ ಅಧ್ಯಯನಯೋಗ್ಯವಾದುದು.

ಬಾಯಾ ಮಾರೆ ಎಂಬುದು ಹಳೆಯ ಗಣಿ ಪಟ್ಟಣ. ಊರಿನ ಪಕ್ಕದ ಹಳೆಯ ಹೂಳುರಾಶಿಯಿಂದ ಸೈನೈಡ್ ಬಳಸಿ ಉಳಿದ ಚಿನ್ನವನ್ನು ತೆಗೆಯುವ ಕಾರ್ಖಾನೆ ಅಲ್ಲಿ ಆರಂಭವಾಗಿತ್ತು. 2000ದ ಜನವರಿ 30ರ ರಾತ್ರಿ ಮಳೆ ಮತ್ತು ಕರಗಿದ ಹಿಮದಿಂದ ಹೂಳುಕಟ್ಟೆ ತುಂಬಿ ಒಡೆದು, ಸುಮಾರು ಒಂದು ಲಕ್ಷ ಘನಮೀಟರ್ ಸೈನೈಡ್‌ಯುಕ್ತ ನೀರು ಹಳ್ಳಕ್ಕೆ ನುಗ್ಗಿತು. ಅದು ಸೋಮೆಶ್ ನದಿಯಿಂದ ಹಂಗೆರಿಯ ಟಿಸಾ ನದಿಗೆ, ಅಲ್ಲಿಂದ ಡ್ಯಾನ್ಯೂಬ್‌ಗೆ ಇಳಿದು, ತೆಳುವಾಗುತ್ತ ವಾರಗಳ ನಂತರ ಕಪ್ಪುಸಮುದ್ರದವರೆಗೆ ತಲುಪಿತು. ಹಂಗೆರಿಯೊಂದರಲ್ಲಿಯೇ ಸಾವಿರ ಟನ್ನಿಗೂ ಹೆಚ್ಚು ಮೀನು ಸತ್ತುವೆಂದು ಅಲ್ಲಿನ ಸರ್ಕಾರ ಲೆಕ್ಕ ಹಾಕಿತು. ಗಣಿ ಒಂದು ದೇಶದ್ದು, ಸತ್ತ ಮೀನು ಇನ್ನೊಂದು ದೇಶದ್ದು. ಕೋಲಾರದಿಂದ ಇಳಿಯುವ ನದಿಗಳೂ ಗಡಿ ದಾಟುವಂಥವು ಎಂಬುದು ಈ ಹೋಲಿಕೆಗೆ ಆಧಾರ. ಕೆ.ಜಿ.ಎಫ್.ನಲ್ಲಿಯೂ ಹೀಗೆಯೇ ಆಗುತ್ತದೆಂದು ಭವಿಷ್ಯ ನುಡಿಯುವುದು ಇಲ್ಲಿನ ಉದ್ದೇಶವಲ್ಲ. ಹೂಳುಕಟ್ಟೆಯ ಏರಿಗೂ ಒಬ್ಬ ನೀರಗಂಟಿ ಬೇಕು ಎಂಬುದಷ್ಟೇ ಇದರ ತಾತ್ಪರ್ಯ.

6. ಕಡಲೆಂಬ ಕೊನೆಯ ಕೆರೆ

ಕೆರೆಗಳ ಸಾಲಿನ ತರ್ಕವನ್ನು ಕೊನೆಯವರೆಗೆ ಒಯ್ದರೆ ಕಡಲೇ ಕಟ್ಟಕಡೆಯ ಕೆರೆ. ಅದಕ್ಕೆ ತೂಬಿಲ್ಲ, ಕೋಡಿಯಿಲ್ಲ. ಬಂದುದು ಹೊರಗೆ ಹೋಗುವ ದಾರಿಯಿಲ್ಲ. ಪಾಲಾರ್ ನದಿ ಅಲ್ಲಿಗೆ ಒಯ್ಯುವುದು ಮೇಲಿನ ಸೀಮೆಯ ಹೂಳನ್ನು ಮಾತ್ರವಲ್ಲ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮ ಹದಮಾಡುವ ಕಾರ್ಖಾನೆಗಳ ಉಪ್ಪು ಮತ್ತು ಕ್ರೋಮಿಯಂ ಕೂಡಿದ ನೀರು ದಶಕಗಳ ಕಾಲ ಈ ನದೀಪಾತ್ರವನ್ನು ಸೇರಿತು. ವೆಲ್ಲೂರು ನಾಗರಿಕರ ಸಂಘಟನೆಯೊಂದು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಆಗಸ್ಟ್ 28ರಂದು ನೀಡಿದ ತೀರ್ಪು, ಕೆಡಿಸಿದವನೇ ವೆಚ್ಚ ಭರಿಸಬೇಕು ಎಂಬ ತತ್ತ್ವವನ್ನು ಭಾರತದ ಕಾನೂನಿನ ಅಂಗವೆಂದು ಸಾರಿತು. ಪರಿಹಾರದ ವಿಷಯ ಮುಗಿಯದೆ 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಮತ್ತೆ ನಿರ್ದೇಶನ ನೀಡಬೇಕಾಯಿತು.

ಮೇಲಿನ ತುದಿಯಲ್ಲಿಯೂ ಹೊಸ ನೀರು ಬಂದಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸಲಾಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಇದರ ಗುರಿ. ಬತ್ತಿದ ಕೆರೆಗಳು ತುಂಬಿದುದು ರೈತರಿಗೆ ಸಂತಸ ತಂದಿತು. ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಸಾಕೇ, ಮೂರನೆಯ ಹಂತ ಬೇಡವೇ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಈ ಪ್ರಶ್ನೆ ಜಲಜೀವಿಗಳಿಗೂ ಸಂಬಂಧಿಸಿದುದು. ಕೊಳಚೆಯಲ್ಲಿ ಉಳಿಯುವ ಸಾರಜನಕ, ರಂಜಕಗಳು ಪಾಚಿಯನ್ನು ಮಿತಿಮೀರಿ ಬೆಳೆಸುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರಿಹೋಗಿ ಮೀನುಗಳು ತೇಲುತ್ತವೆ. ಕೆರೆಯಲ್ಲಿ ನಡೆಯುವ ಇದೇ ಕ್ರಿಯೆ, ನದಿಗಳು ಒಯ್ದ ಗೊಬ್ಬರ ಮತ್ತು ಕೊಳಚೆಯಿಂದ ಜಗತ್ತಿನ ಅನೇಕ ಅಳಿವೆಗಳ ಮುಂದೆ ಜೀವವಿಲ್ಲದ ವಲಯಗಳನ್ನು ಸೃಷ್ಟಿಸಿದೆ.

ಲೋಹಗಳ ದಾರಿ ಇನ್ನೂ ಸೂಕ್ಷ್ಮ. ಪಾದರಸ ತಳದ ಕೆಸರನ್ನು ಸೇರಿದಾಗ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಪ್ಲವಕದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತ ಪ್ರತಿ ಹಂತದಲ್ಲಿಯೂ ದಟ್ಟವಾಗುತ್ತದೆ. 1956ರಲ್ಲಿ ಜಪಾನಿನ ಮಿನಮಾತಾ ಕೊಲ್ಲಿಯಲ್ಲಿ ಬೆಳಕಿಗೆ ಬಂದ ನರರೋಗದ ಕಾರಣ ಇದೇ. ಮೀನು ತಿಂದ ಬೆಕ್ಕುಗಳು ಮೊದಲು ಹುಚ್ಚೆದ್ದು ಸತ್ತುವು, ಆಮೇಲೆ ಮೀನುಗಾರರ ಮನೆಗಳ ಮಕ್ಕಳು ರೋಗಕ್ಕೆ ತುತ್ತಾದರು. ಪಾದರಸದ ಬಳಕೆಯನ್ನು ನಿಯಂತ್ರಿಸಲು 2013ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆ ಆ ಊರಿನ ಹೆಸರನ್ನೇ ಹೊತ್ತಿದೆ.

ಪಾಲಾರ್‌ನಂಥ ಒಣನದಿಗಳಲ್ಲಿ ಇನ್ನೊಂದು ವಿಶೇಷವಿದೆ. ವರ್ಷಗಟ್ಟಲೆ ನೀರು ಕಡಲನ್ನು ಮುಟ್ಟದಿದ್ದಾಗ ಮಾಲಿನ್ಯ ಇಲ್ಲವಾಗುವುದಿಲ್ಲ. ಮರಳಿನಲ್ಲಿ, ಕೆಸರಿನಲ್ಲಿ, ಪ್ಲಾಸ್ಟಿಕ್ ರಾಶಿಗಳಲ್ಲಿ ಕಾದು ಕುಳಿತಿರುತ್ತದೆ. 2021ರ ನವೆಂಬರಿನಲ್ಲಿ ಬಂದಂಥ ಮಹಾಪೂರ ಬಂದಾಗ ಕೂಡಿಟ್ಟುದೆಲ್ಲ ಕೆಲವೇ ದಿನಗಳಲ್ಲಿ ಅಳಿವೆಗೆ ನುಗ್ಗುತ್ತದೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆ ಎಷ್ಟೋ ಬಗೆಯ ಸೀಗಡಿ, ಏಡಿ, ಮೀನುಗಳ ಮರಿಗಳು ಬೆಳೆಯುವ ತೊಟ್ಟಿಲು. ಅದರಾಚೆ, ತೇಲುವ ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನೆಂದು ಭ್ರಮಿಸಿ ನುಂಗುವ ಕಡಲಾಮೆಗೆ ಆ ಚೀಲ ಯಾವ ಊರಿನದೆಂದು ತಿಳಿಯುವುದಿಲ್ಲ.

7. ಸಮಾರೋಪ

ಮೇಲಿನ ವಿವೇಚನೆಯಿಂದ ತಿಳಿಯುವುದೇನೆಂದರೆ, ಕೆರೆನಾಡಿನ ಜನಪದ ವ್ಯವಸ್ಥೆಯಲ್ಲಿ ನೀರಿನೊಡನೆ ಹರಿದುಬಂದ ಹೂಳನ್ನು ಎತ್ತುವವರು ಇದ್ದರು. ಎತ್ತಿದುದಕ್ಕೆ ಫಲವೂ ಇತ್ತು. ಗಣಿಗಾರಿಕೆಯು ಫಲವನ್ನು ಹೂಳಿನಿಂದ ಬೇರ್ಪಡಿಸಿತು. ಚಿನ್ನ ಒಂದು ದಾರಿ ಹಿಡಿಯಿತು, ಹೂಳು ಮತ್ತೊಂದು ದಾರಿ ಹಿಡಿಯಿತು. ಜಲಮಾಲಿನ್ಯವೆಂದು ಇಂದು ಕರೆಯುವುದರ ಬೇರು ಈ ಅಗಲಿಕೆಯಲ್ಲಿದೆ. ಹಳೆಯ ಆಚರಣೆಗಳನ್ನು ಮರಳಿ ತಂದರೆ ದಿಬ್ಬ ಕರಗದು. ಗಂಗಮ್ಮನ ಪೂಜೆ ಆರ್ಸೆನಿಕ್ಕನ್ನು ತಡೆಯಲಾರದು. ಆದರೆ ಹೊಣೆಯನ್ನು ಫಲಕ್ಕೆ ಜೋಡಿಸಿದ ತತ್ತ್ವ ಇಂದಿಗೂ ಬಳಕೆಗೆ ಯೋಗ್ಯವಾದುದು. 1996ರ ತೀರ್ಪು ಹೇಳಿದುದೂ ಅದನ್ನೇ. ದಿಬ್ಬಗಳ ಚಿನ್ನಕ್ಕೆ ಗುತ್ತಿಗೆ ಬರೆಯುವಾಗ, ಉಳಿಯುವ ಹೂಳಿನ ಕಾವಲಿಗೂ ಅದೇ ಪತ್ರದಲ್ಲಿ ಹೆಸರು ಬರೆಯಬೇಕು. ಗುತ್ತಿಗೆಯ ಅವಧಿ ಮುಗಿದ ಮೇಲೂ ಆ ಕಾವಲು ಮುಂದುವರಿಯಬೇಕು.

ಕನ್ನಡದಲ್ಲಿ ‘ಜಲಗಾರ’ ಎಂಬ ಪದವಿದೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೆ ಆ ಹೆಸರಿತ್ತು. ಬೀದಿಯ ಕಸ ಗುಡಿಸುವವನಿಗೂ ಅದೇ ಹೆಸರು; ಕುವೆಂಪು ಅವರ ನಾಟಕದ ಜಲಗಾರ ಆತನೇ. ಚಿನ್ನ ತೆಗೆಯುವ ಕೆಲಸವನ್ನೂ ಕಸ ತೆಗೆಯುವ ಕೆಲಸವನ್ನೂ ಭಾಷೆ ಒಂದೇ ಶಬ್ದದಲ್ಲಿ ಹಿಡಿದಿಟ್ಟಿದೆ. ಕೋಲಾರದ ಗಣಿಯಲ್ಲಿ ಆ ಎರಡು ಕೆಲಸಗಳಲ್ಲಿ ಮೊದಲನೆಯದು 2001ರಲ್ಲಿ ಮುಗಿಯಿತು. ಎರಡನೆಯದು ಇನ್ನೂ ಆರಂಭವಾಗಬೇಕಾಗಿದೆ.